ಸ್ವಿಚ್ ಕೂಗಿದರೆ ಸರ್ವರ್‌ಗೆ ಕೇಳಬೇಕು: ಲಾಗ್ ಸಾಫ್ಟ್‌ವೇರ್‌ಗೆ ಎಸ್‌ಎನ್‌ಎಂಪಿ ಟ್ರ್ಯಾಪ್ ತರಿಸಿಕೊಳ್ಳುವುದು ಹೇಗೆ?

"ಸಾರ್, ಸ್ವಿಚ್‌ನ ಕೇಬಲ್ ಕಿತ್ತು ನೋಡಿದೆ. ಲಾಗ್ ಸಾಫ್ಟ್‌ವೇರ್‌ನಲ್ಲಿ ಏನೂ ಬರ್ತಿಲ್ಲ." ವಸಂತನರಸಾಪುರದ ಕಾರ್ಖಾನೆಗಳಲ್ಲಿ, ಅಂತರಸನಹಳ್ಳಿಯ ಗೋದಾಮುಗಳಲ್ಲಿ, ತುಮಕೂರಿನ ಕಾಲೇಜುಗಳಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಹುಡುಗರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದೇ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ. ಹೊಸಬರಿಗೆ: ಸ್ವಿಚ್ ಅಂದರೆ ನೆಟ್‌ವರ್ಕ್ ಕೇಬಲ್‌ಗಳನ್ನೆಲ್ಲಾ ಕೂಡಿಸುವ ಪೆಟ್ಟಿಗೆ. ಎಸ್‌ಎನ್‌ಎಂಪಿ ಅಂದರೆ ಅಂಥ ಸಾಧನಗಳು ತಮ್ಮ ಸ್ಥಿತಿಯನ್ನು ಸರ್ವರ್‌ಗೆ ತಿಳಿಸುವ ಪದ್ಧತಿ. ಲಾಗ್ ಸಾಫ್ಟ್‌ವೇರ್ ಅಂದರೆ ಆ ಸುದ್ದಿಗಳನ್ನೆಲ್ಲಾ ಕೂಡಿಟ್ಟು ಹುಡುಕಲು ಕೊಡುವ ಪ್ರೋಗ್ರಾಂ.

ಮೊದಲೇ ಒಂದು ಮಾತು. ಟ್ರ್ಯಾಪ್ ಬರದಿದ್ದಾಗ ಎಲ್ಲರೂ ಮೊದಲು ಕೈ ಹಾಕುವುದು ಲಾಗ್ ಸಾಫ್ಟ್‌ವೇರ್‌ಗೆ. ತಪ್ಪು ಅಲ್ಲಿರುವುದು ಅಪರೂಪ. ಸ್ವಿಚ್ ಕಳಿಸಿತಾ, ದಾರಿಯಲ್ಲಿ ಬಂತಾ, ಫೈರ್‌ವಾಲ್ ಬಿಟ್ಟಿತಾ, ಟ್ರ್ಯಾಪ್ ಹಿಡಿಯುವ ಪ್ರೋಗ್ರಾಂ ಒಪ್ಪಿತಾ, ಆಮೇಲೆ ಲಾಗ್‌ಗೆ ಸೇರಿತಾ: ಹೀಗೆ ಐದು ಬಾಗಿಲು ದಾಟಿ ಸುದ್ದಿ ಬರಬೇಕು. ಯಾವ ಬಾಗಿಲಲ್ಲಿ ನಿಂತಿದೆ ಅಂತ ಗೊತ್ತಾಗುವವರೆಗೆ ಯಾವ ಸೆಟ್ಟಿಂಗನ್ನೂ ಬದಲಾಯಿಸಬೇಡಿ.

ನಾನಿಲ್ಲಿ ಉಬುಂಟು ಸರ್ವರ್, ಅದರ ಮೇಲೆ ಎಸ್‌ಎನ್‌ಎಂಪಿಟ್ರ್ಯಾಪ್‌ಡಿ (ಟ್ರ್ಯಾಪ್ ಹಿಡಿಯುವ ಪ್ರೋಗ್ರಾಂ), ಆರ್‌ಸಿಸ್‌ಲಾಗ್ (ಲಾಗ್ ಸಾಲುಗಳನ್ನು ಮುಂದಕ್ಕೆ ದಾಟಿಸುವ ಪ್ರೋಗ್ರಾಂ), ಆಮೇಲೆ ಗ್ರೇಲಾಗ್ ತರಹದ ಒಂದು ಲಾಗ್ ಸಾಫ್ಟ್‌ವೇರ್ ಇದೆ ಅಂತ ಇಟ್ಟುಕೊಂಡಿದ್ದೇನೆ. ಬೇರೆ ಸಾಫ್ಟ್‌ವೇರ್ ಇದ್ದರೂ ಮೊದಲ ನಾಲ್ಕು ಬಾಗಿಲು ಅವೇ. ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನಲ್ಲಿ ಹಾಕಿಕೊಳ್ಳಿ.

ಮೊದಲು ನಾಲ್ಕು ಪದ

ಟ್ರ್ಯಾಪ್ ಅಂದರೆ ಸಾಧನ ತಾನಾಗಿಯೇ ಕಳಿಸುವ ಸುದ್ದಿ. "ನನ್ನ 24ನೇ ಪೋರ್ಟ್ ಬಿತ್ತು" ಅಂತ ಸ್ವಿಚ್ ಕೂಗಿ ಹೇಳುವುದು. ಇದು ಸರ್ವರ್‌ನ ಯುಡಿಪಿ 162ನೇ ಪೋರ್ಟ್‌ಗೆ ಬರುತ್ತದೆ. ಸರ್ವರ್ ತಾನೇ ಆಗಾಗ ಹೋಗಿ "ಹೇಗಿದ್ದೀಯಪ್ಪಾ" ಅಂತ ವಿಚಾರಿಸಿದರೆ ಅದು ಪೋಲಿಂಗ್, ಅದಕ್ಕೆ 161. ಈ ಎರಡನ್ನು ಅದಲುಬದಲು ಮಾಡಿಕೊಂಡು ಕೂತವರನ್ನು ಬೇಕಾದಷ್ಟು ನೋಡಿದ್ದೇನೆ.

ಕಮ್ಯುನಿಟಿ ಸ್ಟ್ರಿಂಗ್ ಅಂದರೆ ಎರಡೂ ಕಡೆಯವರಿಗೆ ಗೊತ್ತಿರಬೇಕಾದ ಗುಟ್ಟಿನ ಪದ. ಗುಟ್ಟು ಅಂತ ಹೆಸರಿಗೆ ಮಾತ್ರ, ಎಸ್‌ಎನ್‌ಎಂಪಿಯ 2ಸಿ ಆವೃತ್ತಿಯಲ್ಲಿ ಅದು ತಂತಿಯ ಮೇಲೆ ತೆರೆದ ಕಾಗದದ ಹಾಗೆ ಹೋಗುತ್ತದೆ. ಒಐಡಿ ಅಂದರೆ ಚುಕ್ಕಿ ಹಾಕಿ ಬರೆದ ಸಂಖ್ಯೆಗಳ ಸರ, ಪ್ರತಿ ಸುದ್ದಿಗೂ ಒಂದೊಂದು. ಮಿಬ್ ಅಂದರೆ ಆ ಸಂಖ್ಯೆಗಳಿಗೆ ಅರ್ಥ ಹೇಳುವ ನಿಘಂಟು.

ಯುಡಿಪಿ ಅನ್ನುವುದು ಡಬ್ಬಿಗೆ ಹಾಕಿದ ಪೋಸ್ಟ್‌ಕಾರ್ಡ್ ಇದ್ದ ಹಾಗೆ. ತಲುಪಿತೋ ಇಲ್ಲವೋ ಕಳಿಸಿದವನಿಗೆ ಗೊತ್ತಾಗುವುದಿಲ್ಲ. ಟ್ರ್ಯಾಪ್‌ನ ತೊಂದರೆಗಳಲ್ಲಿ ಅರ್ಧ ಇಲ್ಲಿಂದಲೇ ಹುಟ್ಟುತ್ತವೆ. ಇನ್‌ಫಾರ್ಮ್ ಅಂತ ಇನ್ನೊಂದು ಬಗೆ ಇದೆ, ಅದರಲ್ಲಿ ಸರ್ವರ್ "ಸಿಕ್ತು" ಅಂತ ಉತ್ತರ ಕೊಡುತ್ತದೆ. ಉತ್ತರ ಬರದಿದ್ದರೆ ಸಾಧನ ಮತ್ತೆ ಕಳಿಸುತ್ತದೆ. ನಿಮ್ಮ ಸಾಧನದಲ್ಲಿ ಆ ಸೌಲಭ್ಯ ಇದ್ದರೆ ಮುಖ್ಯ ಸ್ವಿಚ್‌ಗಳಿಗಾದರೂ ಅದನ್ನೇ ಬಳಸಿ.

ಹಂತ 1: ಗಡಿಯಾರ ಸರಿ ಮಾಡಿ

ಟ್ರ್ಯಾಪ್‌ಗೂ ಗಡಿಯಾರಕ್ಕೂ ಏನು ಸಂಬಂಧ ಅನ್ನಿಸಬಹುದು. ಸುದ್ದಿ ಬಂದೇ ಇರುತ್ತದೆ, ನಿಮಗೆ ಕಾಣುವುದಿಲ್ಲ ಅಷ್ಟೇ. ಸ್ವಿಚ್ ನಮ್ಮ ಸಮಯದಲ್ಲಿ ಬೆಳಗ್ಗೆ 10 ಗಂಟೆ ಅಂತ ಸಿಸ್‌ಲಾಗ್ ಸಂದೇಶ (ಟ್ರ್ಯಾಪ್ ಅಲ್ಲದೆ ಸಾಧನ ಸಾಲು ಸಾಲಾಗಿ ಬರೆದು ಕಳಿಸುವ ಲಾಗ್) ಕಳಿಸುತ್ತದೆ, ಯಾವ ದೇಶದ ಸಮಯ ಅಂತ ಹೇಳುವುದಿಲ್ಲ. ಸಾಫ್ಟ್‌ವೇರ್ ಅದನ್ನು ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಅಂತರರಾಷ್ಟ್ರೀಯ ಸಮಯ ಅಂದುಕೊಳ್ಳುತ್ತದೆ. ಆಗ ಆ ಸಂದೇಶ ಐದೂವರೆ ಗಂಟೆ ಮುಂದಕ್ಕೆ, ಅಂದರೆ ಇನ್ನೂ ಬರದ ಮಧ್ಯಾಹ್ನ ಮೂರೂವರೆಗೆ ಹೋಗಿ ಕೂರುತ್ತದೆ. ನೀವು "ಕಳೆದ 5 ನಿಮಿಷ" ಅಂತ ಹುಡುಕಿದರೆ ಸೊನ್ನೆ. ಹುಡುಕಾಟದ ಅವಧಿಯನ್ನು ನಾಳೆಯವರೆಗೆ ಹಿಗ್ಗಿಸಿ ನೋಡಿ, ಎಲ್ಲಾ ಅಲ್ಲೇ ಸಾಲಾಗಿ ಕೂತಿರುತ್ತವೆ.

ಎಲ್ಲಾ ಸಾಧನಕ್ಕೂ ಒಂದೇ ಎನ್‌ಟಿಪಿ ಸರ್ವರ್ ಕೊಡಿ. ಎನ್‌ಟಿಪಿ ಅಂದರೆ ನೆಟ್‌ವರ್ಕ್ ಮೂಲಕ ಗಡಿಯಾರ ಹೊಂದಿಸುವ ವ್ಯವಸ್ಥೆ, ಯುಡಿಪಿ 123. ಟೈಮ್‌ಝೋನ್ +5:30 ಅಂತ ಕೈಯಾರೆ ಹಾಕಿ. ಸಿಸ್ಕೊ ಕಂಪನಿಯ ಸ್ವಿಚ್‌ನಲ್ಲಾದರೆ ಲಾಗ್ ಸಮಯದ ಜೊತೆ ಝೋನ್ ಕೂಡ ತೋರಿಸುವ ಹಾಗೆ ಹೇಳಬಹುದು.

ಇದು ಸುಮ್ನೆ ಅನುಕೂಲಕ್ಕೆ ಹೇಳುವುದಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಗಡಿಯಾರಗಳನ್ನು ಎನ್‌ಐಸಿ (ಸರ್ಕಾರದ ಐಟಿ ಸಂಸ್ಥೆ) ಅಥವಾ ಎನ್‌ಪಿಎಲ್ (ರಾಷ್ಟ್ರೀಯ ಭೌತಿಕ ಪ್ರಯೋಗಾಲಯ) ಸಮಯ ಸರ್ವರ್‌ಗೆ, ಇಲ್ಲವೇ ಅವುಗಳಿಗೆ ಜೋಡಿಸಿದ ಸರ್ವರ್‌ಗೆ ಹೊಂದಿಸಬೇಕು ಅಂತಿದೆ. ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು ಅಂತಲೂ ಇದೆ. ಡಿಸ್ಕ್ ಎಷ್ಟು ದೊಡ್ಡದು ಬೇಕು ಅಂತ ಲೆಕ್ಕ ಹಾಕುವಾಗ ಈ 180 ನೆನಪಿರಲಿ.

ಹಂತ 2: ಸಾಧನದಲ್ಲಿ ಟ್ರ್ಯಾಪ್ ಚಾಲೂ ಮಾಡಿ

ಇಲ್ಲಿ ಎರಡು ಕೆಲಸ ಇದೆ, ಜನ ಒಂದನ್ನು ಮಾಡಿ ಬಿಡುತ್ತಾರೆ. ಒಂದು, ಯಾರಿಗೆ ಕಳಿಸಬೇಕು: ಸರ್ವರ್ ವಿಳಾಸ, ಆವೃತ್ತಿ, ಕಮ್ಯುನಿಟಿ. ಎರಡು, ಯಾವ ಯಾವ ಸುದ್ದಿ ಕಳಿಸಬೇಕು. ಸಿಸ್ಕೊದಲ್ಲಿ "ಎಸ್‌ಎನ್‌ಎಂಪಿ-ಸರ್ವರ್ ಹೋಸ್ಟ್" ಹಾಕಿ, "ಎಸ್‌ಎನ್‌ಎಂಪಿ-ಸರ್ವರ್ ಎನೇಬಲ್ ಟ್ರ್ಯಾಪ್ಸ್" ಹಾಕದಿದ್ದರೆ ವಿಳಾಸ ಬರೆದ ಖಾಲಿ ಲಕೋಟೆ ಇಟ್ಟುಕೊಂಡ ಹಾಗೆ.

ಮೈಕ್ರೊಟಿಕ್ ಕಂಪನಿಯ ಸಾಧನ ಇದ್ದವರಿಗೆ ಬೇರೆ ಕಥೆ. ಐಪಿ ಮೆನುವಿನ ಒಳಗೆ ಎಸ್‌ಎನ್‌ಎಂಪಿ ತೆಗೆದರೆ ಟ್ರ್ಯಾಪ್ ಟಾರ್ಗೆಟ್, ಟ್ರ್ಯಾಪ್ ವರ್ಷನ್, ಟ್ರ್ಯಾಪ್ ಜನರೇಟರ್ಸ್ ಅಂತ ಇರುತ್ತದೆ. ವರ್ಷನ್ ಮೊದಲಿನಿಂದ 1 ಆಗಿರುತ್ತದೆ, 2 ಮಾಡಿ. ಜನರೇಟರ್ಸ್‌ನಲ್ಲಿ ಇಂಟರ್‌ಫೇಸಸ್ ಸೇರಿಸಿ. ಆಮೇಲೆ ಟ್ರ್ಯಾಪ್ ಇಂಟರ್‌ಫೇಸಸ್ ಅನ್ನುವ ಜಾಗದಲ್ಲಿ ಯಾವ ಪೋರ್ಟ್ ಅಂತಲೂ ಹೇಳಿ. ಅದನ್ನು ಖಾಲಿ ಬಿಟ್ಟರೆ ಪೋರ್ಟ್ ಬಿದ್ದರೂ ಅದು ಬಾಯಿ ಬಿಡುವುದಿಲ್ಲ.

ಕಮ್ಯುನಿಟಿಗೆ "ಪಬ್ಲಿಕ್" ಅಂತ ಮಾತ್ರ ಇಡಬೇಡಿ. ಕಂಪನಿ ಹೆಸರೂ ಬೇಡ. ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ ಅಂತ ಲೆಕ್ಕ. ಕಾಪಿ ಮಾಡುವಾಗ ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿಕೊಂಡರೆ ಮುಗೀತು, ಅರ್ಧ ದಿನ ಹೋಯಿತು ಅಂತಲೇ.

ಇನ್ನೊಂದು ಸಣ್ಣ ವಿಷಯ. ಸ್ವಿಚ್‌ಗೆ ನಾಲ್ಕೈದು ವಿಎಲ್ಯಾನ್ (ಒಂದೇ ಸ್ವಿಚ್ ಒಳಗೆ ಬೇರೆ ಬೇರೆ ಮಾಡಿದ ನೆಟ್‌ವರ್ಕ್) ವಿಳಾಸ ಇದ್ದರೆ, ಟ್ರ್ಯಾಪ್ ಇವತ್ತು ಒಂದು ವಿಳಾಸದಿಂದ, ನಾಳೆ ದಾರಿ ಬದಲಾದರೆ ಇನ್ನೊಂದರಿಂದ ಬರಬಹುದು. "ಟ್ರ್ಯಾಪ್-ಸೋರ್ಸ್" ಸೆಟ್ಟಿಂಗ್‌ನಲ್ಲಿ ಮ್ಯಾನೇಜ್‌ಮೆಂಟ್ ವಿಎಲ್ಯಾನ್ ಅನ್ನು ಕಟ್ಟಿಹಾಕಿ.

ಹಂತ 3: ದಾರಿಯಲ್ಲಿ ಬರುತ್ತಿದೆಯಾ ನೋಡಿ

ಇನ್ನೂ ಸರ್ವರ್‌ನಲ್ಲಿ ಏನನ್ನೂ ಹಾಕಿಲ್ಲ, ಅಲ್ವಾ? ಹಾಗೇ ಇರಲಿ. ಸುಡೋ ಹಾಕಿ ಈ ಕಮಾಂಡ್ ಕೊಡಿ:

ಟಿಸಿಪಿಡಂಪ್ -ಎನ್ಐ ಎನಿ ಯುಡಿಪಿ ಪೋರ್ಟ್ 162

ಈಗ ಸ್ವಿಚ್‌ನಲ್ಲಿ ಬಳಕೆಯಲ್ಲಿಲ್ಲದ ಒಂದು ಪೋರ್ಟ್‌ಗೆ ಲ್ಯಾಪ್‌ಟಾಪ್ ಚುಚ್ಚಿ, ಕೀಳಿ. ಪರದೆಯ ಮೇಲೆ ಸ್ವಿಚ್‌ನ ವಿಳಾಸದ ಸಾಲು ಬರಬೇಕು. ಕಮ್ಯುನಿಟಿ ಪದವೂ ಅಲ್ಲೇ ಕಾಣಬಹುದು. ತೆರೆದ ಕಾಗದ ಅಂದೆನಲ್ಲ, ಅದು ಇದೇ.

ಸಾಲು ಬರಲಿಲ್ಲ ಅಂದರೆ ತೊಂದರೆ ಸ್ವಿಚ್‌ನಲ್ಲಿದೆ, ಇಲ್ಲವೇ ನಡುವಿನ ರೌಟರ್‌ನಲ್ಲಿದೆ. ಸರ್ವರ್ ಮುಟ್ಟಬೇಡಿ. ಸಾಲು ಬಂತು ಅಂದರೆ ಎರಡು ಬಾಗಿಲು ದಾಟಿತು.

ಇಲ್ಲಿ ದೊಡ್ಡ ಗುಂಡಿಯೊಂದಿದೆ. ಟಿಸಿಪಿಡಂಪ್ ಪ್ಯಾಕೆಟ್ ನೋಡುವುದು ಸರ್ವರ್‌ನ ಫೈರ್‌ವಾಲ್‌ಗಿಂತ ಮೊದಲು. ಹಾಗಾಗಿ ಫೈರ್‌ವಾಲ್ ಮುಚ್ಚಿದ್ದರೂ ಟಿಸಿಪಿಡಂಪ್‌ನಲ್ಲಿ ಸಾಲು ಚೆನ್ನಾಗಿ ಕಾಣುತ್ತದೆ. "ಪ್ಯಾಕೆಟ್ ಬರ್ತಿದೆ ಸಾರ್, ಸಾಫ್ಟ್‌ವೇರೇ ಸರಿ ಇಲ್ಲ" ಅನ್ನುವ ಫೋನ್‌ಗಳಲ್ಲಿ ತುಂಬಾ ಇದೇ. ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ನಾನೇ ಹೀಗೆ ಒಂದು ಮಧ್ಯಾಹ್ನ ಪೂರ್ತಿ ಕಳೆದಿದ್ದೇನೆ, ಊಟ ಬಿಟ್ಟು.

ಹಂತ 4: ಫೈರ್‌ವಾಲ್‌ನಲ್ಲಿ ಬಾಗಿಲು ತೆಗೆಯಿರಿ

ಉಬುಂಟುವಿನಲ್ಲಿ "ಯುಎಫ್‌ಡಬ್ಲ್ಯೂ ಅಲೋ 162/ಯುಡಿಪಿ". ಕೊನೆಯ ಯುಡಿಪಿ ಮರೆಯಬೇಡಿ, ಟಿಸಿಪಿ ಬಾಗಿಲು ತೆಗೆದು ಯುಡಿಪಿಗೆ ಕಾಯುವವರಿದ್ದಾರೆ. ಇನ್ನೂ ಒಳ್ಳೆಯದು ಅಂದರೆ ಎಲ್ಲರಿಗೂ ತೆಗೆಯದೆ ಮ್ಯಾನೇಜ್‌ಮೆಂಟ್ ಸಬ್‌ನೆಟ್‌ಗೆ ಮಾತ್ರ ತೆಗೆಯುವುದು. ರಾಕಿ ಅಥವಾ ರೆಡ್‌ಹ್ಯಾಟ್ ಲಿನಕ್ಸ್ ಇದ್ದವರು ಫೈರ್‌ವಾಲ್‌ಡಿಯಲ್ಲಿ ಪೋರ್ಟ್ ಸೇರಿಸಿ, ಪರ್ಮನೆಂಟ್ ಅಂತ ಹಾಕಿ, ರೀಲೋಡ್ ಮಾಡಿ. ರೀಲೋಡ್ ಮಾಡದಿದ್ದರೆ ಸೇರಿಸಿದ್ದು ಈಗ ಲೆಕ್ಕಕ್ಕಿಲ್ಲ.

ಡಾಕರ್‌ನಲ್ಲಿ (ಪ್ರೋಗ್ರಾಂಗಳನ್ನು ಕಂಟೇನರ್ ಅನ್ನುವ ಬೇರೆ ಬೇರೆ ಡಬ್ಬಿಯಲ್ಲಿಟ್ಟು ಓಡಿಸುವ ವ್ಯವಸ್ಥೆ) ಓಡಿಸುತ್ತಿದ್ದರೆ ಪೋರ್ಟ್ ಬರೆಯುವಾಗಲೂ ಯುಡಿಪಿ ಅಂತ ಹೇಳಲೇಬೇಕು, ಇಲ್ಲದಿದ್ದರೆ ಅದು ಟಿಸಿಪಿ ಅಂದುಕೊಳ್ಳುತ್ತದೆ. ಅಲ್ಲದೆ ಎಲ್ಲಾ ಟ್ರ್ಯಾಪ್‌ಗಳೂ 172.17.0.1ರಿಂದ ಬಂದ ಹಾಗೆ ಕಂಡರೆ ಗಾಬರಿಯಾಗಬೇಡಿ, ಅದು ಡಾಕರ್‌ನ ಸ್ವಂತ ವಿಳಾಸ. ಕಂಟೇನರ್ ಅನ್ನು ಹೋಸ್ಟ್ ನೆಟ್‌ವರ್ಕ್‌ನಲ್ಲಿ ಓಡಿಸಿದರೆ ನಿಜವಾದ ವಿಳಾಸ ಸಿಗುತ್ತದೆ.

ಹಂತ 5: ಟ್ರ್ಯಾಪ್ ಹಿಡಿಯುವವನನ್ನು ಕೂರಿಸಿ

ಎಸ್‌ಎನ್‌ಎಂಪಿಟ್ರ್ಯಾಪ್‌ಡಿ ಪ್ಯಾಕೇಜ್ ಹಾಕಿ. ಈಗ ಎಲ್ಲರೂ ಎಡವುವ ಜಾಗ. ನೆಟ್-ಎಸ್‌ಎನ್‌ಎಂಪಿ 5.3ರಿಂದ ಈಚೆಗೆ, ಯಾವ ಕಮ್ಯುನಿಟಿಯನ್ನು ಒಪ್ಪಬೇಕು ಅಂತ ನೀವು ಹೇಳದಿದ್ದರೆ ಅದು ಬಂದ ಟ್ರ್ಯಾಪ್‌ಗಳನ್ನೆಲ್ಲಾ ಸದ್ದಿಲ್ಲದೆ ಎಸೆಯುತ್ತದೆ. ಸರ್ವಿಸ್ ಓಡುತ್ತಿರುತ್ತದೆ, ಹಸಿರು ಚುಕ್ಕಿ ಇರುತ್ತದೆ, ಲಾಗ್ ಮಾತ್ರ ಖಾಲಿ. ಕಾನ್ಫಿಗರೇಷನ್ ಫೈಲಿನಲ್ಲಿ ಈ ಒಂದು ಸಾಲು ಬೇಕು:

ಆಥ್‌ಕಮ್ಯುನಿಟಿ ಲಾಗ್ ನಿಮ್ಮ-ಗುಟ್ಟಿನ-ಪದ

"ಡಿಸೇಬಲ್‌ಆಥರೈಸೇಷನ್ ಯೆಸ್" ಅಂತ ಹಾಕಿದರೂ ಕೆಲಸ ಆಗುತ್ತದೆ, ಅಂತರ್ಜಾಲದಲ್ಲಿ ತುಂಬಾ ಜನ ಅದನ್ನೇ ಹೇಳುತ್ತಾರೆ. ಅದರ ಅರ್ಥ ಯಾರು ಏನು ಕಳಿಸಿದರೂ ತೆಗೆದುಕೊ ಅಂತ. ಪರೀಕ್ಷೆಗೆ ಹತ್ತು ನಿಮಿಷ ಸರಿ. ಹಾಗೇ ಬಿಟ್ಟು ಮನೆಗೆ ಹೋಗಬೇಡಿ.

3ನೇ ಆವೃತ್ತಿ ಬಳಸುವವರಿಗೆ: ಬಳಕೆದಾರನ ಹೆಸರು, ಪಾಸ್‌ವರ್ಡ್ ಎರಡೂ ಕಡೆ ಒಂದೇ ಇದ್ದರೂ ಟ್ರ್ಯಾಪ್ ಬರದಿದ್ದರೆ ಎಂಜಿನ್ ಐಡಿ ನೋಡಿ. ಇದು ಪ್ರತಿ ಸಾಧನಕ್ಕೂ ಇರುವ ಗುರುತಿನ ಸಂಖ್ಯೆ. ಟ್ರ್ಯಾಪ್‌ನಲ್ಲಿ ಕಳಿಸುವವನ ಎಂಜಿನ್ ಐಡಿಯೇ ಲೆಕ್ಕ. ಹಾಗಾಗಿ ಸರ್ವರ್‌ನಲ್ಲಿ ಬಳಕೆದಾರನನ್ನು ಸೃಷ್ಟಿಸುವಾಗ ಪ್ರತಿ ಸ್ವಿಚ್‌ನ ಎಂಜಿನ್ ಐಡಿಯನ್ನೂ ಕೊಡಬೇಕು. ನಲವತ್ತು ಸ್ವಿಚ್ ಇದ್ದರೆ ನಲವತ್ತು ಸಾಲು. ಇನ್‌ಫಾರ್ಮ್‌ನಲ್ಲಿ ಸರ್ವರ್‌ನ ಐಡಿ ಲೆಕ್ಕಕ್ಕೆ ಬರುವುದರಿಂದ ಈ ತಲೆನೋವಿಲ್ಲ.

ಸರ್ವಿಸ್ ರೀಸ್ಟಾರ್ಟ್ ಮಾಡಿ. ಬೇರೆ ಲಿನಕ್ಸ್ ಯಂತ್ರದಿಂದ ಒಂದು ಸುಳ್ಳು ಟ್ರ್ಯಾಪ್ ಕಳಿಸಿ:

ಎಸ್‌ಎನ್‌ಎಂಪಿಟ್ರ್ಯಾಪ್ -ವಿ 2ಸಿ -ಸಿ ಗುಟ್ಟಿನ-ಪದ 192.168.10.20 '' 1.3.6.1.6.3.1.1.5.3

ಆ ಖಾಲಿ ಉದ್ಧರಣ ಚಿಹ್ನೆ ಬೇಕೇ ಬೇಕು, ಯಂತ್ರ ಎಷ್ಟು ಹೊತ್ತಿನಿಂದ ಓಡುತ್ತಿದೆ ಅನ್ನುವುದನ್ನು ಅದೇ ತುಂಬಿಕೊಳ್ಳಲಿ ಅಂತ. ಬೇರೆ ಯಂತ್ರದಿಂದ ಅಂದದ್ದಕ್ಕೂ ಕಾರಣ ಇದೆ. ಸರ್ವರ್ ಮೇಲೇ ಕೂತು 127.0.0.1ಕ್ಕೆ ಕಳಿಸಿದರೆ ಫೈರ್‌ವಾಲ್ ಮಧ್ಯೆ ಬರುವುದೇ ಇಲ್ಲ. ಪರೀಕ್ಷೆ ಪಾಸ್, ಸ್ವಿಚ್ ಮಾತ್ರ ಫೇಲ್.

ಬಂದ ಸಾಲನ್ನು ಓದುವುದು

ಸರ್ವರ್‌ನ ಜರ್ನಲ್ (ಸಿಸ್ಟಂ ಲಾಗ್) ತೆಗೆದು ನೋಡಿದರೆ ಹೀಗೇನೋ ಕಾಣುತ್ತದೆ:

ಯುಡಿಪಿ: [192.168.10.5]:52211->[192.168.10.20]:162
ಐಎಸ್‌ಒ.3.6.1.2.1.1.3.0 = ಟೈಮ್‌ಟಿಕ್ಸ್: (8640000) 1 ಡೇ, 0:00:00.00
ಐಎಸ್‌ಒ.3.6.1.6.3.1.1.4.1.0 = ಒಐಡಿ: ಐಎಸ್‌ಒ.3.6.1.6.3.1.1.5.3
ಐಎಸ್‌ಒ.3.6.1.2.1.2.2.1.1.24 = ಇಂಟಿಜರ್: 24
ಐಎಸ್‌ಒ.3.6.1.2.1.2.2.1.7.24 = ಇಂಟಿಜರ್: 1
ಐಎಸ್‌ಒ.3.6.1.2.1.2.2.1.8.24 = ಇಂಟಿಜರ್: 2

ನೋಡಿದ ತಕ್ಷಣ ಮುಚ್ಚಿಬಿಡಬೇಡಿ, ಇದರಲ್ಲಿ ಎಲ್ಲಾ ಇದೆ. ಮೊದಲ ಚೌಕ ಆವರಣದಲ್ಲಿರುವುದು ಕಳಿಸಿದ ಸ್ವಿಚ್. ಟೈಮ್‌ಟಿಕ್ಸ್ ಅಂದರೆ ಸ್ವಿಚ್ ಆನ್ ಆಗಿ ಎಷ್ಟಾಯಿತು ಅನ್ನುವುದು, ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ. ಇಲ್ಲಿ ಸರಿಯಾಗಿ ಒಂದು ದಿನ. ಮೂರನೇ ಸಾಲು ಸುದ್ದಿ ಏನು ಅಂತ ಹೇಳುತ್ತದೆ: 5.3ಕ್ಕೆ ಮುಗಿದರೆ ಲಿಂಕ್ ಬಿತ್ತು, 5.4 ಲಿಂಕ್ ಎದ್ದಿತು, 5.1 ಸಾಧನ ಹೊಸದಾಗಿ ಆನ್ ಆಯಿತು, 5.5 ಯಾರೋ ತಪ್ಪು ಕಮ್ಯುನಿಟಿ ಹಿಡಿದು ಬಾಗಿಲು ತಟ್ಟಿದರು.

ಕೊನೆಯ ಎರಡು ಸಾಲು ನನಗೆ ಬಹಳ ಇಷ್ಟ. 7 ಅಂದರೆ ಪೋರ್ಟ್ ಹೇಗಿರಬೇಕು ಅಂತ ಮನುಷ್ಯ ಹೇಳಿದ್ದು, 8 ಅಂದರೆ ಅದು ನಿಜವಾಗಿ ಹೇಗಿದೆ. 1 ಆನ್, 2 ಆಫ್. ಇಲ್ಲಿ 1 ಮತ್ತು 2: ಆನ್ ಇರಬೇಕಿತ್ತು, ಬಿದ್ದಿದೆ. ಕೇಬಲ್ ಹೋಗಿದೆ, ಅಥವಾ ಆ ಕಡೆಯ ಸಾಧನ ಆಫ್ ಆಗಿದೆ. ಎರಡೂ 2 ಇದ್ದರೆ ಯಾರೋ ಬೇಕಂತಲೇ ಶಟ್‌ಡೌನ್ ಕೊಟ್ಟಿದ್ದಾರೆ. ರಾತ್ರಿ 2 ಗಂಟೆಗೆ ಹಾಸಿಗೆಯಿಂದ ಏಳಬೇಕಾ ಬೇಡವಾ ಅನ್ನುವುದು ಈ ಒಂದು ಅಂಕಿಯ ಮೇಲೆ ನಿಂತಿದೆ.

ಸಂಖ್ಯೆ ಬದಲು ಹೆಸರು ಬೇಕು ಅಂದರೆ ಮಿಬ್ ಬೇಕು. ಉಬುಂಟುವಿನಲ್ಲಿ ಲೈಸೆನ್ಸ್ ಕಾರಣಕ್ಕೆ ಅವು ಜೊತೆಗೆ ಬರುವುದಿಲ್ಲ, ಎಸ್‌ಎನ್‌ಎಂಪಿ-ಮಿಬ್ಸ್-ಡೌನ್‌ಲೋಡರ್ ಪ್ಯಾಕೇಜ್ ಬೇರೆ ಹಾಕಬೇಕು. ನನ್ನ ಅಭಿಪ್ರಾಯ ಕೇಳಿದರೆ, ನೂರಾರು ಮಿಬ್ ತುಂಬಿಕೊಂಡು ಒದ್ದಾಡಬೇಡಿ. ನಿಮಗೆ ನಿಜವಾಗಿ ಬೇಕಾದ ಒಐಡಿ ಎಂಟೋ ಹತ್ತೋ ಇರುತ್ತವೆ. ಅವನ್ನು ಒಂದು ಸಿಎಸ್‌ವಿ ಪಟ್ಟಿ ಮಾಡಿ, ಪಕ್ಕದಲ್ಲಿ ಕನ್ನಡದಲ್ಲೇ ಅರ್ಥ ಬರೆದು, ಲಾಗ್ ಸಾಫ್ಟ್‌ವೇರ್‌ನ ಲುಕ್‌ಅಪ್ ಟೇಬಲ್‌ಗೆ ಹಾಕಿ. "24ನೇ ಪೋರ್ಟ್ ಬಿತ್ತು" ಅಂತ ಬಂದರೆ ರಾತ್ರಿ ಪಾಳಿಯ ಸೆಕ್ಯುರಿಟಿಯವರಿಗೂ ಅರ್ಥ ಆಗುತ್ತದೆ.

ಹಂತ 6: ಲಾಗ್ ಸಾಫ್ಟ್‌ವೇರ್‌ಗೆ ದಾಟಿಸಿ

ಆರ್‌ಸಿಸ್‌ಲಾಗ್‌ನಲ್ಲಿ ಎಸ್‌ಎನ್‌ಎಂಪಿಟ್ರ್ಯಾಪ್‌ಡಿ ಬರೆದ ಸಾಲುಗಳನ್ನು ಮಾತ್ರ ಆರಿಸಿ ಮುಂದಕ್ಕೆ ಕಳಿಸುವ ಒಂದು ನಿಯಮ ಬರೆಯಿರಿ. ವಿಳಾಸ ಶುರುವಾಗುವ ಮೊದಲು @ ಒಂದು ಹಾಕಿದರೆ ಯುಡಿಪಿ, ಎರಡು @@ ಹಾಕಿದರೆ ಟಿಸಿಪಿ. ಎರಡೇ ಹಾಕಿ.

ಗ್ರೇಲಾಗ್‌ನಲ್ಲಿ ಸಿಸ್ಟಂ ಮೆನು, ಅದರೊಳಗೆ ಇನ್‌ಪುಟ್ಸ್, ಅಲ್ಲಿ ಸಿಸ್‌ಲಾಗ್ ಟಿಸಿಪಿ ಆರಿಸಿ ಪೋರ್ಟ್ 1514 ಕೊಡಿ. 514 ಕೊಟ್ಟರೆ ಇನ್‌ಪುಟ್ ಕೆಂಪಾಗಿಯೇ ಉಳಿಯುತ್ತದೆ. ಲಿನಕ್ಸ್‌ನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟ್‌ಗಳಿಗೆ ರೂಟ್ ಅಧಿಕಾರ ಬೇಕು, ಗ್ರೇಲಾಗ್ ಓಡುವುದು ಸಾಮಾನ್ಯ ಬಳಕೆದಾರನಾಗಿ. ಗ್ರೇಲಾಗ್ ಬದಲು ಲಾಗ್‌ಸ್ಟ್ಯಾಶ್ ಅನ್ನುವ ಲಾಗ್ ಕೂಡಿಸುವ ಪ್ರೋಗ್ರಾಂ ಬಳಸುವವರಿಗೆ ಅದರದೇ ಎಸ್‌ಎನ್‌ಎಂಪಿಟ್ರ್ಯಾಪ್ ಇನ್‌ಪುಟ್ ಇದೆ. ಇದೇ ಕಾರಣಕ್ಕೆ ಅದರ ಪೋರ್ಟ್ 1062 ಅಂತ ಇಟ್ಟಿರುತ್ತಾರೆ, ಸ್ವಿಚ್ ಕಳಿಸುವುದು 162ಕ್ಕೆ. ನಡುವೆ ಪೋರ್ಟ್ ತಿರುಗಿಸುವ ನಿಯಮ ಬೇಕು.

ಎರಡು ಎಚ್ಚರಿಕೆ. ದಾಟಿಸಿದ ಮೇಲೆ ಎಲ್ಲಾ ಸಂದೇಶದ ಮೂಲವೂ ನಿಮ್ಮ ಟ್ರ್ಯಾಪ್ ಸರ್ವರ್ ಅಂತಲೇ ಕಾಣುತ್ತದೆ. ನಿಜವಾದ ಸ್ವಿಚ್ ವಿಳಾಸ ಸಂದೇಶದ ಒಳಗೆ ಚೌಕ ಆವರಣದಲ್ಲಿದೆ, ಅದನ್ನು ಎಕ್ಸ್‌ಟ್ರಾಕ್ಟರ್‌ನಿಂದ ಬೇರೆ ಕಾಲಂಗೆ ತೆಗೆಯಬೇಕು. ಎರಡನೆಯದು, ವಿಳಾಸ ಒಂದು ಸಾಲಿಗೆ, ಒಐಡಿಗಳು ಮುಂದಿನ ಸಾಲಿಗೆ ಒಡೆದು ಎರಡು ಬೇರೆ ಸಂದೇಶಗಳಾಗಿ ಸೇರುವುದುಂಟು. ಆಗ ಯಾವ ಸ್ವಿಚ್‌ನ ಸುದ್ದಿ ಯಾವುದು ಅಂತ ಹೊಂದಿಸಲು ಆಗುವುದಿಲ್ಲ. ಎಸ್‌ಎನ್‌ಎಂಪಿಟ್ರ್ಯಾಪ್‌ಡಿಗೆ ನೇರವಾಗಿ ಸಿಸ್‌ಲಾಗ್‌ಗೆ ಬರೆಯಲು ಹೇಳಿ (-ಎಲ್ಎಸ್‌ಡಿ), ಒಂದೇ ಸಾಲಿನಲ್ಲಿ ಬರುತ್ತದೆ.

ಹಂತ 7: ಅಲರ್ಟ್ ನಿಯಮ, ಅಂದರೆ ಏನನ್ನು ಬಿಡಬೇಕು

ಟ್ರ್ಯಾಪ್ ಬರಲು ಶುರುವಾದ ಮೊದಲ ದಿನ ಖುಷಿ. ಸಂಜೆ ಆಫೀಸ್ ಬಿಟ್ಟು ನೂರು ಜನ ಕಂಪ್ಯೂಟರ್ ಆಫ್ ಮಾಡಿದಾಗ ನೂರು "ಲಿಂಕ್ ಬಿತ್ತು" ಬರುತ್ತದೆ. ಮೂರನೇ ದಿನ ಎಲ್ಲರೂ ಆ ಮೇಲ್‌ಗಳನ್ನು ನೋಡುವುದನ್ನೇ ಬಿಡುತ್ತಾರೆ. ಹಾಗಾಗಿ ಕಂಪ್ಯೂಟರ್ ಚುಚ್ಚುವ ಪೋರ್ಟ್‌ಗಳಲ್ಲಿ ಲಿಂಕ್ ಟ್ರ್ಯಾಪ್ ಅನ್ನು ಸ್ವಿಚ್‌ನಲ್ಲೇ ನಿಲ್ಲಿಸಿ. ಅಪ್‌ಲಿಂಕ್ (ಸ್ವಿಚ್‌ನಿಂದ ಉಳಿದ ನೆಟ್‌ವರ್ಕ್‌ಗೆ ಹೋಗುವ ಮುಖ್ಯ ಲಿಂಕ್), ಸರ್ವರ್, ಸಿಸಿಟಿವಿ ರೆಕಾರ್ಡರ್, ಯುಪಿಎಸ್: ಇಷ್ಟು ಸಾಕು.

ಲಿಂಕ್ ಬಿದ್ದು ತಕ್ಷಣ ಎದ್ದರೆ ಅಲರ್ಟ್ ಬೇಡ. ಎರಡು ನಿಮಿಷ ಕಾಯುವ ನಿಯಮ ಹಾಕಿ. ಆದರೆ ಒಂದೇ ಪೋರ್ಟ್ ಗಂಟೆಗೆ ಹತ್ತು ಸಲ ಬಿದ್ದು ಎದ್ದರೆ ಅದಕ್ಕೆ ಬೇರೆ ಅಲರ್ಟ್ ಇರಲಿ. ಎಲ್ಲೋ ಕನೆಕ್ಟರ್ ಸಡಿಲ ಆಗಿದೆ, ಇಲ್ಲಾ ಇಲಿ ಬಾಯಿ ಹಾಕಿದೆ.

ಯುಪಿಎಸ್ ವಿಷಯ ನಮ್ಮ ಕಡೆಯವರು ಗಮನ ಇಟ್ಟು ಓದಬೇಕು. 1994ರಲ್ಲಿ ಬಂದ ಯುಪಿಎಸ್ ಮಿಬ್ ಪ್ರಮಾಣದ ಪ್ರಕಾರ, ಕರೆಂಟ್ ಹೋಗಿ ಬ್ಯಾಟರಿ ಮೇಲೆ ಬಂದಾಗ ಕಳಿಸುವ ಟ್ರ್ಯಾಪ್ ಒಂದೇ ಸಲ ಬಂದು ಸುಮ್ಮನಾಗುವುದಿಲ್ಲ. ಬ್ಯಾಟರಿ ಮೇಲೆ ಇರುವಷ್ಟೂ ಹೊತ್ತು ನಿಮಿಷಕ್ಕೊಂದು ಬರುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ಎರಡು ಗಂಟೆ ಕರೆಂಟ್ ಹೋದರೆ 120 ಸಂದೇಶ, ಅದೂ ಒಂದು ಯುಪಿಎಸ್‌ನಿಂದ. ಇದು ದೋಷ ಅಲ್ಲ, ಪೋಸ್ಟ್‌ಕಾರ್ಡ್ ಕಳೆದುಹೋಗಬಹುದು ಅಂತ ಮತ್ತೆ ಮತ್ತೆ ಹಾಕುತ್ತಿದೆ. ಮೊದಲನೆಯದಕ್ಕೆ ಅಲರ್ಟ್ ಕೊಟ್ಟು ಮುಂದಿನ 30 ನಿಮಿಷ ಸುಮ್ಮನಿರುವಂತೆ ಗ್ರೇಸ್ ಪೀರಿಯಡ್ ಹಾಕಿ.

ಸಿಸ್‌ಲಾಗ್ ಕೂಡ ತೆಗೆದುಕೊಳ್ಳುತ್ತಿದ್ದರೆ ತೀವ್ರತೆಯ ಅಂಕಿ ನೋಡಿ: 0 ಅತಿ ಗಂಭೀರ, 7 ಬರೀ ಡೀಬಗ್. ಸಾಲಿನ ಮೊದಲಲ್ಲಿ <187> ಅಂತ ಇದ್ದರೆ 8ರಿಂದ ಭಾಗಿಸಿ. ಶೇಷ 3, ಅಂದರೆ ಎರರ್. ಭಾಗಲಬ್ಧ 23, ಅಂದರೆ ಲೋಕಲ್7, ಸಿಸ್ಕೊ ಮಾಮೂಲಾಗಿ ಬಳಸುವ ವಿಭಾಗ. ಅಲರ್ಟ್‌ಗೆ 0ರಿಂದ 3 ಸಾಕು, ಉಳಿದದ್ದು ಲಾಗ್‌ನಲ್ಲಿ ಇರಲಿ.

ಹಂತ 8: ಟ್ರ್ಯಾಪ್ ಹೇಳದೆ ಇರುವುದು

ಇದನ್ನು ಬಿಟ್ಟವರೇ ಜಾಸ್ತಿ. ಸ್ವಿಚ್‌ಗೆ ಕರೆಂಟೇ ಹೋದರೆ ಅದು ಯಾವ ಟ್ರ್ಯಾಪ್ ಕಳಿಸುತ್ತದೆ? ಸತ್ತವನು "ನಾನು ಸತ್ತೆ" ಅಂತ ಹೇಳುವುದಿಲ್ಲ. ವಾಪಸ್ ಬಂದಾಗ "ಆನ್ ಆದೆ" ಅನ್ನುವ 5.1 ಟ್ರ್ಯಾಪ್ ಬರಬೇಕು, ಅದೂ ಎಷ್ಟೋ ಸಲ ಬರುವುದಿಲ್ಲ. ಹಳೆಯ ಸ್ಪ್ಯಾನಿಂಗ್ ಟ್ರೀ (ಪ್ಯಾಕೆಟ್‌ಗಳು ಸ್ವಿಚ್‌ಗಳ ನಡುವೆ ಸುತ್ತುತ್ತಲೇ ಇರದ ಹಾಗೆ ತಡೆಯುವ ವ್ಯವಸ್ಥೆ) ಓಡುತ್ತಿದ್ದರೆ ಪೋರ್ಟ್ 15 ಸೆಕೆಂಡ್ ಕೇಳುತ್ತದೆ, 15 ಸೆಕೆಂಡ್ ಕಲಿಯುತ್ತದೆ, ಆಮೇಲೆ ದಾರಿ ಬಿಡುತ್ತದೆ. ಆ 30 ಸೆಕೆಂಡಿನ ಒಳಗೆ ಕಳಿಸಿದ ಟ್ರ್ಯಾಪ್ ಅಪ್‌ಲಿಂಕ್ ದಾಟುವುದೇ ಇಲ್ಲ. ಸ್ವಿಚ್ ಪಾಪ ಕಳಿಸಿಯೇ ಇರುತ್ತದೆ.

ಆದ್ದರಿಂದ ಟ್ರ್ಯಾಪ್ ಜೊತೆಗೆ ಪ್ರತಿ ಸಾಧನಕ್ಕೂ ನಿಮಿಷಕ್ಕೊಮ್ಮೆ ಪಿಂಗ್, ಅಂದರೆ "ಇದ್ದೀಯಾ" ಅಂತ ಕೇಳುವ ಪ್ಯಾಕೆಟ್ ಇರಲಿ. ಅದಕ್ಕೆ ಝಬಿಕ್ಸ್, ಲಿಬ್ರೆಎನ್‌ಎಂಎಸ್ ತರಹದ ನಿಗಾ ಇಡುವ ಸಾಫ್ಟ್‌ವೇರ್ ಯಾವುದಾದರೂ ಆದೀತು. ಟ್ರ್ಯಾಪ್ ಸರ್ವರ್ ಮತ್ತು ಅದು ಚುಚ್ಚಿರುವ ಸ್ವಿಚ್, ಎರಡೂ ಯುಪಿಎಸ್ ಮೇಲೆ ಇವೆಯಾ ಅಂತ ಇವತ್ತೇ ಹೋಗಿ ನೋಡಿ. ಸರ್ವರ್ ಒಂದನ್ನೇ ಯುಪಿಎಸ್‌ಗೆ ಹಾಕಿ ಸ್ವಿಚ್ ಅನ್ನು ಗೋಡೆಯ ಪ್ಲಗ್‌ಗೆ ಬಿಟ್ಟಿರುವುದನ್ನು ಎಷ್ಟು ಕಡೆ ನೋಡಿದ್ದೇನೋ.

ಇಂಟರ್ನೆಟ್ ಲಿಂಕ್ ಬಿತ್ತು ಅಂತ ಬರುವ ಅಲರ್ಟ್ ಯಾವ ದಾರಿಯಲ್ಲಿ ನಿಮ್ಮ ಮೊಬೈಲ್‌ಗೆ ಬರಬೇಕು ಅನ್ನುವುದನ್ನೂ ಒಮ್ಮೆ ಯೋಚಿಸಿ. ಇಮೇಲ್ ಅದೇ ಬಿದ್ದ ಲಿಂಕ್‌ನಲ್ಲಿ ಹೋಗಬೇಕಲ್ಲ? ಸರ್ವರ್‌ಗೆ ಒಂದು ಯುಎಸ್‌ಬಿ ಜಿಎಸ್‌ಎಂ ಮೋಡೆಮ್, ಅದರಲ್ಲಿ ಬೇರೆ ಕಂಪನಿಯ ಸಿಮ್ ಹಾಕಿ ಎಸ್‌ಎಂಎಸ್ ಕಳಿಸುವ ವ್ಯವಸ್ಥೆ ಮಾಡಿ. ಸಿಮ್‌ಗೆ ರೀಚಾರ್ಜ್ ಮುಗಿಯುವ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

ಎಲ್ಲಾ ಆದ ಮೇಲೆ, ಕೆಲಸ ಇಲ್ಲದ ಒಂದು ಭಾನುವಾರ, ಸಂಬಂಧಪಟ್ಟವರಿಗೆ ಮೊದಲೇ ಹೇಳಿ, ಒಂದು ಅಪ್‌ಲಿಂಕ್ ಕೇಬಲ್ ಅನ್ನು ನಿಜವಾಗಿಯೂ ಕೀಳಿ. ಗಡಿಯಾರ ನೋಡಿಕೊಳ್ಳಿ. ಕಾಯುವ ನಿಯಮದ ಎರಡು ನಿಮಿಷ ಬಿಟ್ಟು, ಮುಂದಿನ ಒಂದು ನಿಮಿಷದಲ್ಲಿ ಮೊಬೈಲ್ ಸದ್ದು ಮಾಡಬೇಕು. ಮಾಡದಿದ್ದರೆ ಕೇಬಲ್ ವಾಪಸ್ ಚುಚ್ಚಿ, ಹಂತ 3ರ ಟಿಸಿಪಿಡಂಪ್‌ನಿಂದ ಮತ್ತೆ ಶುರು ಮಾಡಿ.